ಕಾಲಾಣೆಯ ಕಾರ್ಡು ಉಳಿಯಬೇಕಾದರೆ

ಹಳೆಯ ಮನೆಗಳಲ್ಲಿ ಬಂದ ಕಾಗದಗಳಿಗೆಲ್ಲ ಒಂದೇ ಜಾಗ ಇರುತ್ತಿತ್ತು. ಪಡಸಾಲೆಯ ಜಂತೆಗೋ ಕಿಟಕಿಯ ಸರಳಿಗೋ ತೂಗುಬಿಟ್ಟ, ತುದಿ ಚೂಪಾದ ಕಬ್ಬಿಣದ ತಂತಿ. ಪೋಸ್ಟ್‌ಮ್ಯಾನ್ ಕೊಟ್ಟು ಹೋದ ಕಾರ್ಡನ್ನು ಮನೆಯ ಯಜಮಾನರು ಎಲ್ಲರಿಗೂ ಕೇಳುವಂತೆ ಓದಿ, ನಡುವಿಗೆ ಚುಚ್ಚಿ ತಂತಿಗೆ ಏರಿಸಿದರೆ ಮುಗಿಯಿತು. ಹಾಗೆ ವರ್ಷಗಟ್ಟಲೆ ಏರಿದ ಕಂತೆಗಳು ಈಗ ಮನೆ ಕೆಡವುವಾಗ, ಪಾಲಾಗುವಾಗ ಅಟ್ಟದಿಂದ ಇಳಿದು ಮೊಮ್ಮಕ್ಕಳ ಕೈಗೆ ಬರುತ್ತಿವೆ. ಪ್ರತಿ ಕಾರ್ಡಿನ ನಡುವೆ ಒಂದು ತೂತು, ಅದರ ಸುತ್ತ ತುಕ್ಕಿನ ಕಂದು ಉಂಗುರ. ಪಾಪ, ಹಾಳಾಗಿದೆಯಲ್ಲ ಎಂದುಕೊಂಡು ಪ್ರೀತಿಯಿಂದಲೇ ಹಿಂಬದಿಗೆ ಸೆಲೋಟೇಪು ಅಂಟಿಸುತ್ತಾರೆ. ಇನ್ನು ಕೆಲವರು ನೇರವಾಗಿ ಲ್ಯಾಮಿನೇಷನ್ ಅಂಗಡಿಗೆ ಒಯ್ಯುತ್ತಾರೆ. ಅರವತ್ತು ಎಪ್ಪತ್ತು ವರ್ಷ ತಂತಿಯ ಮೇಲೆ ಬದುಕಿದ್ದ ಕಾರ್ಡು ಸರಿಪಡಿಸಲಾಗದಂತೆ ಕೆಡಲು ಶುರುವಾಗುವುದು ಆಗ.

ಅಂಚೆ ಕಾರ್ಡು ಹುಟ್ಟಿದ್ದೇ ಅಗ್ಗದ ವಸ್ತುವಾಗಿ. ಜಗತ್ತಿನ ಮೊದಲ ಕಾರ್ಡು 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೇರಿಯಲ್ಲಿ ಮಾರಾಟಕ್ಕೆ ಬಂತು. ನಾಲ್ಕು ಸಾಲಿನ ಸುದ್ದಿಗೆ ಲಕೋಟೆಯ ಖರ್ಚೇಕೆ ಎಂದು ವಾದಿಸಿದ ಎಮಾನುಯೆಲ್ ಹೆರ್ಮನ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರ ಮಾತಿಗೆ ಅಲ್ಲಿನ ಅಂಚೆ ಇಲಾಖೆ ಒಪ್ಪಿತ್ತು. ಹತ್ತು ವರ್ಷ ಕಳೆಯುವುದರೊಳಗೆ, 1879ರ ಜುಲೈ 1ರಂದು, ಭಾರತದಲ್ಲೂ ಕಾರ್ಡು ಬಂತು. ಬೆಲೆ ಕಾಲಾಣೆ, ಅಂದರೆ ರೂಪಾಯಿಯ ಅರವತ್ತನಾಲ್ಕನೆಯ ಒಂದು ಪಾಲು. ಓದಿ ಮುಗಿದ ಮೇಲೆ ಅದು ನೂರು ವರ್ಷ ಬಾಳಬೇಕೆಂದು ಮಾಡಿದವರು ಯಾರೂ ಎಣಿಸಿರಲಿಲ್ಲ.

ಆ ಅಗ್ಗವೇ ಇಂದಿನ ತೊಂದರೆಯ ಬೇರು. ಮರವನ್ನು ಅರೆದು ಮಾಡಿದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು ಗಾಳಿ ತಾಗಿದಷ್ಟೂ ಅದು ಕಂದಾಗುತ್ತದೆ. ಶಾಯಿ ಹರಡದಿರಲೆಂದು ಕಾಗದಕ್ಕೆ ಹಾಕುತ್ತಿದ್ದ ರಾಳ ಮತ್ತು ಪಟಿಕ ಕಾಲಕ್ರಮದಲ್ಲಿ ಆಮ್ಲವನ್ನು ಹುಟ್ಟಿಸುತ್ತವೆ. ಆಮ್ಲ ನಾರನ್ನು ತುಂಡರಿಸುತ್ತದೆ. ಮಡಿಸಿದರೆ ಮುರಿಯುವ, ಮೂಲೆ ಮುಟ್ಟಿದರೆ ಉದುರುವ ಕಾರ್ಡು ಆಗುವುದು ಹೀಗೆ. ಶಾಖ ಏರಿದಂತೆ ಈ ಕ್ರಿಯೆ ಚುರುಕಾಗುತ್ತದೆ, ತೇವ ಜೊತೆಗೂಡಿದರೆ ಇನ್ನೂ ಚುರುಕು. ಒಳಗಿರುವ ಈ ಶತ್ರುವನ್ನು ಮನೆಯಲ್ಲಿ ಕುಳಿತು ತೆಗೆಯಲಾಗದು. ನಿಧಾನ ಮಾಡಬಹುದು, ಅಷ್ಟೆ. ಆ ನಿಧಾನವೇ ಸಂರಕ್ಷಣೆ.

ಕಾರ್ಡು ಕೂಡಿಡುವವರಲ್ಲಿ ಎರಡು ಪಂಗಡ ಉಂಟು. ಒಂದು, ಮನೆಗೆ ಬಂದ ಮಾಮೂಲಿ ಕಾರ್ಡುಗಳನ್ನು ಉಳಿಸಿಕೊಂಡವರದು. ಇನ್ನೊಂದು, ಚಿತ್ರದ ಕಾರ್ಡುಗಳನ್ನು ಹುಡುಕಿ ಕೊಂಡವರದು. ಚಿತ್ರದ ಕಾರ್ಡಿನ ಭರಾಟೆ ಇಪ್ಪತ್ತನೆಯ ಶತಮಾನದ ಮೊದಲ ಹದಿನೈದು ವರ್ಷಗಳದು. ಮದರಾಸು ಮತ್ತು ಬೆಂಗಳೂರಿನಲ್ಲಿ ಪುಸ್ತಕದ ಮಳಿಗೆ ಇಟ್ಟಿದ್ದ ಹಿಗ್ಗಿನ್‌ಬಾಥಮ್ಸ್, ಮದರಾಸಿನ ವೀಲ್ ಅಂಡ್ ಕ್ಲೈನ್ ಫೋಟೋ ಸ್ಟುಡಿಯೊ ನಮ್ಮ ಕಡೆಯ ನೋಟಗಳನ್ನು ಕಾರ್ಡಿಗೆ ಇಳಿಸಿದವು. ಆಗಿನ ಕಾಲಕ್ಕೆ ಜರ್ಮನಿಯ ಅಚ್ಚುಕೂಟಗಳದೇ ಮೇಲುಗೈ. 1914ರಲ್ಲಿ ಯುದ್ಧ ಶುರುವಾಗುವ ತನಕ ಇಲ್ಲಿ ಮಾರಾಟವಾಗುತ್ತಿದ್ದ ಎಷ್ಟೋ ಕಾರ್ಡುಗಳು ಅಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. ಬೆಂಗಳೂರು ದಂಡಿನ ಸೈನಿಕರು, ಅಧಿಕಾರಿಗಳು ಸೌತ್ ಪೆರೇಡಿನ, ಕಬ್ಬನ್ ಪಾರ್ಕಿನ ಚಿತ್ರಗಳನ್ನು ಊರಿಗೆ ಕಳಿಸಿದ್ದರಿಂದ ನಮ್ಮ ಹಳೆಯ ಬೀದಿಗಳ ಚಿತ್ರ ಈಗ ಇಂಗ್ಲೆಂಡಿನ ಮನೆಗಳ ಪೆಟ್ಟಿಗೆಯಲ್ಲಿ ಸಿಗುತ್ತದೆ. 2018ರಲ್ಲಿ ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದ ಬ್ರೂನೈ ಗ್ಯಾಲರಿಯಲ್ಲಿ ಮದರಾಸು ಮತ್ತು ಬೆಂಗಳೂರಿನ ಇಂಥ ಕಾರ್ಡುಗಳದ್ದೇ ಒಂದು ಪ್ರದರ್ಶನ ನಡೆಯಿತು. ಆ ವಸ್ತುವಿಗೆ ಚರಿತ್ರೆಯ ದಾಖಲೆ ಎಂಬ ಮರ್ಯಾದೆ ಸಿಕ್ಕಿದ್ದು ತೀರ ಈಚೆಗೆ.

ಎರಡೂ ಪಂಗಡದವರು ಒಂದೇ ತಪ್ಪು ಮಾಡುತ್ತಾರೆ, ಕಾರ್ಡಿನ ಒಂದು ಮುಖವನ್ನಷ್ಟೇ ಉಳಿಸುತ್ತಾರೆ. ಚಿತ್ರ ಬೇಕೆಂದವರು ಆಲ್ಬಮ್ಮಿಗೆ ಅಂಟಿಸಿ ಹಿಂಬದಿಯನ್ನು ಮುಚ್ಚುತ್ತಾರೆ. ಅಂಚೆಚೀಟಿ ಬೇಕೆಂದವರು ಆ ಮೂಲೆಯನ್ನು ಕತ್ತರಿಸುತ್ತಾರೆ, ಇಲ್ಲವೆ ನೀರಲ್ಲಿ ನೆನೆಸಿ ಚೀಟಿ ಬಿಡಿಸಿಕೊಂಡು ಕಾರ್ಡನ್ನು ಎಸೆಯುತ್ತಾರೆ. ಆದರೆ ಕಾರ್ಡಿನ ವಯಸ್ಸು ಗೊತ್ತಾಗುವುದು ಎರಡೂ ಮುಖ ಸೇರಿದಾಗಲೇ. ಬ್ರಿಟನ್ನಿನಲ್ಲಿ 1902ರವರೆಗೆ, ಅಮೆರಿಕದಲ್ಲಿ 1907ರವರೆಗೆ ವಿಳಾಸದ ಮಗ್ಗುಲಲ್ಲಿ ಒಕ್ಕಣೆ ಬರೆಯುವಂತಿರಲಿಲ್ಲ. ಹಾಗಾಗಿ ಆ ಕಾಲದ ಚಿತ್ರಗಳ ಆಕಾಶದ ಮೇಲೆ, ಕೆರೆಯ ನೀರಿನ ಮೇಲೆ ಕೈಬರಹ ಇರುತ್ತದೆ. ಅದನ್ನು ಚಿತ್ರ ಕೆಟ್ಟಿದೆ ಎಂದು ಕಡೆಗಣಿಸುವವರಿದ್ದಾರೆ. ಹಾಗೆ ಬರೆದಿದ್ದೇ ಅದರ ಕಾಲಕ್ಕೆ ಸಾಕ್ಷಿ. ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು, ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಅರಮನೆಯ ಹಳೆಯ ಕಾರ್ಡೊಂದು ಸಿಕ್ಕರೆ ಚಿತ್ರ ಹೇಳುವ ಕಾಲವನ್ನು ಹಿಂಬದಿಯ ಮೊಹರಿನ ಜೊತೆ ಹೋಲಿಸಿ ನೋಡಬೇಕು. ಛಾಯಾಚಿತ್ರ ತೆಗೆದ ವರ್ಷಗಳ ನಂತರವೂ ಅದೇ ಚಿತ್ರದ ಕಾರ್ಡನ್ನು ಅಂಗಡಿಯವರು ಮಾರುತ್ತಿದ್ದುದು ಹೀಗೆಯೇ ತಿಳಿಯುವುದು.

ಮನೆಯ ಕಾರ್ಡುಗಳಲ್ಲಿ ಈ ಮಾತು ಇನ್ನೂ ನಿಜ. ನಮ್ಮ ಹಿರಿಯರು ಕಾಗದದ ಮೇಲೆ ತಾರೀಖಿನ ಬದಲು ಸಂವತ್ಸರ, ಮಾಸ, ತಿಥಿ ಬರೆಯುತ್ತಿದ್ದರು. ಶಾರ್ವರಿ ಸಂವತ್ಸರದ ಆಷಾಢ ಶುದ್ಧ ಪಂಚಮಿ ಎಂದಿದೆ ಎನ್ನಿ. ಶಾರ್ವರಿ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. 1900ರಲ್ಲೂ ಬಂದಿತ್ತು, 1960ರಲ್ಲೂ ಬಂದಿತ್ತು. ಬರೆದವರು ಅಜ್ಜನೋ ಅವರ ಅಜ್ಜನೋ? ಉತ್ತರ ಮೂಲೆಯ ಚೀಟಿಯಲ್ಲಿದೆ. ಆಣೆಯ ಲೆಕ್ಕವಿದ್ದರೆ ಮೊದಲನೆಯದು, ನಯಾ ಪೈಸೆ ಎಂದಿದ್ದರೆ 1957ರ ಏಪ್ರಿಲ್ ನಂತರದ್ದು. ಆರಂಕಿಯ ಪಿನ್‌ಕೋಡ್ ಕಂಡರೆ 1972ರ ಆಗಸ್ಟ್ 15ರ ಈಚಿನದು. ಚೀಟಿ ಕತ್ತರಿಸಿದ ಕಾರ್ಡಿನಲ್ಲಿ ಆಣೆ, ಪೈಸೆಯ ದಾರಿ ಉಳಿಯುವುದಿಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಊರಿನ ಮೊಹರು ನಿಮ್ಮ ಮನೆಯ ಯಾವುದೋ ಕಾರ್ಡಿನ ಮೇಲಿದ್ದರೆ, ಅಲ್ಲೊಂದು ಅಂಚೆ ಕಚೇರಿ ಇತ್ತೆನ್ನುವುದಕ್ಕೆ ಆ ಕಪ್ಪು ವೃತ್ತವೂ ಒಂದು ಪುರಾವೆ.

ಈಗ ತಂತಿಯ ಕಂತೆಗೆ ಬರೋಣ. ಅದನ್ನು ಅವಸರದಲ್ಲಿ ಬಿಚ್ಚಬೇಡಿ. ಅಡಿಯಲ್ಲಿರುವುದು ಮೊದಲು ಬಂದ ಕಾರ್ಡು, ಮೇಲಿರುವುದು ಕೊನೆಯದು. ಮನೆಯ ದಿನಚರಿ ಆ ಕ್ರಮದಲ್ಲೇ ಕೂತಿದೆ. ತೆಗೆಯುವ ಮೊದಲು ಕಂತೆಯ ನಾಲ್ಕೂ ಮಗ್ಗುಲಿನ ಫೋಟೊ ತೆಗೆದುಕೊಳ್ಳಿ. ತುಕ್ಕು ಹಿಡಿದ ತಂತಿಯ ಮೇಲೆ ಕಾರ್ಡನ್ನು ಹಿಂದಕ್ಕೆಳೆದರೆ ತೂತು ಹರಿದು ದೊಡ್ಡದಾಗುತ್ತದೆ. ಬದಲಿಗೆ ಕಾರ್ಡುಗಳು ಬೀಳದಂತೆ ತಡೆಯುವ ಅಡಿಯ ಬಿಲ್ಲೆಯ ಹತ್ತಿರ ಕಟಿಂಗ್ ಪ್ಲೇಯರಿನಿಂದ ತಂತಿ ಕತ್ತರಿಸಿ, ಕಾರ್ಡು ಚುಚ್ಚಿದ ದಿಕ್ಕಿನಲ್ಲೇ ಕೆಳಮುಖವಾಗಿ ಒಂದೊಂದಾಗಿ ಜಾರಿಸಿ. ತೆಗೆದ ಹಾಗೆ ಕಾರ್ಡಿನ ಒಂದು ಅಂಚಿನಲ್ಲಿ ಮೆತ್ತನೆಯ 2ಬಿ ಪೆನ್ಸಿಲಿನಿಂದ ಕ್ರಮಸಂಖ್ಯೆ ಬರೆಯಿರಿ, ಒತ್ತದೆ. ಬಾಲ್ ಪೆನ್ನು ಬೇಡ; ಅದರ ಗೀರು ಇನ್ನೊಂದು ಮುಖಕ್ಕೆ ಮೂಡುತ್ತದೆ. ತೂತನ್ನು ಮುಚ್ಚಬೇಡಿ. ಅದು ಆ ಕಾರ್ಡಿನ ಬಾಳಿನ ಭಾಗ, ಇನ್ನು ಮುಂದೆ ಅದರಿಂದ ಹಾನಿಯೂ ಇಲ್ಲ. ಸೆಲೋಟೇಪಿನ ಅಂಟಾದರೋ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಪ್ಲಾಸ್ಟಿಕ್ ಪಟ್ಟಿ ಕಳಚಿಬಿದ್ದರೂ ಕಲೆ ಹೋಗದು. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು. ಕಾಯಿಸಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಬಿಡಿಸಲು ಬರುವುದಿಲ್ಲ, ಒಳಗಿನ ಆಮ್ಲ ಒಳಗೇ ಕೆಲಸ ಮಾಡುತ್ತಿರುತ್ತದೆ. ರಬ್ಬರ್ ಬ್ಯಾಂಡು, ಗುಂಡುಸೂಜಿ, ಸ್ಟೇಪ್ಲರ್ ಪಿನ್ನು, ಯು ಕ್ಲಿಪ್ಪು ಯಾವುದೂ ಬೇಡ. ಕಟ್ಟಲೇಬೇಕಾದರೆ ಅಗಲವಾದ ಬಿಳಿಯ ಹತ್ತಿ ಪಟ್ಟಿ ಸಾಕು.

ಮದುವೆ, ಮುಂಜಿಯ ಕಾರ್ಡುಗಳ ನಾಲ್ಕು ಮೂಲೆಗೆ ಅರಿಸಿನ ಹಚ್ಚಿರುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಅರಿಸಿನದ ಬಣ್ಣ ಬೆಳಕಿಗೆ ಬೇಗ ಸೋಲುತ್ತದೆ. ಗಾಜಿನ ಚೌಕಟ್ಟಿನಲ್ಲಿಟ್ಟು ಗೋಡೆಗೆ ಹಾಕಿದರೆ ಮೂಲೆಯ ಹಳದಿಯೇ ಮೊದಲು ಮಾಯವಾಗುವುದು. ಎರಡನೆಯದು, ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಆರತಿಯ ನೀರು ಕಲಸಿದ ಪ್ರತಿ ಮನೆಗೂ ಇದು ಗೊತ್ತು. ಹಳೆಯ ಕಾಗದದ ಆಮ್ಲ ತಣಿಸಲು ಕ್ಷಾರದ ದ್ರಾವಣ ಸಿಂಪಡಿಸುವ ಪದ್ಧತಿಯೊಂದಿದೆ. ಅರಿಸಿನ ಹಚ್ಚಿದ ಕಾರ್ಡಿಗೆ ಅದನ್ನು ಮಾಡಿದರೆ ಮಂಗಳದ ಹಳದಿ ಕೆಂಗಂದು ಕಲೆಯಾಗಿಬಿಡಬಹುದು. ಯಾರ ಕೈಗೆ ಕಾರ್ಡು ಒಪ್ಪಿಸಿದರೂ ಅದು ಕೊಳೆಯಲ್ಲ, ಅರಿಸಿನ ಎಂದು ಬಾಯಿಬಿಟ್ಟು ಹೇಳಿ. ಶಾಯಿಯ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಫೌಂಟನ್ ಪೆನ್ನಿನ ನೀಲಿ ಒದ್ದೆಯಾದರೆ ಹರಡುತ್ತದೆ. ಕಾಪಿಯಿಂಗ್ ಪೆನ್ಸಿಲಿನಲ್ಲಿ ಬರೆದದ್ದು ಒಣಗಿರುವಾಗ ಬೂದಿಬಣ್ಣ, ಒಂದು ಹನಿ ನೀರು ಬಿದ್ದರೆ ಕಡು ನೇರಳೆ. ಆದುದರಿಂದ ಒದ್ದೆ ಬಟ್ಟೆಯಲ್ಲಿ ಒರೆಸುವುದು ಯಾವ ಕಾರ್ಡಿಗೂ ಸಲ್ಲದು. ಧೂಳಿಗೆ ಚಿತ್ರ ಬರೆಯುವ ಮೆತ್ತನೆಯ ಅಗಲ ಕುಂಚ ಸಾಕು.

ಎಲ್ಲಿ, ಹೇಗೆ ಇಡಬೇಕು ಎಂಬುದಕ್ಕೆ ಕರ್ನಾಟಕದ ಎಲ್ಲ ಕಡೆಗೂ ಒಂದೇ ಉತ್ತರವಿಲ್ಲ. ಗ್ರಂಥಾಲಯಗಳು ಗಾಳಿಯ ತೇವಾಂಶವನ್ನು ಶೇ 30ರಿಂದ 50ರ ನಡುವೆ ಇಡಲು ಶ್ರಮಿಸುತ್ತವೆ; ಶೇ 65 ದಾಟಿ ಹಾಗೇ ನಿಂತರೆ ಬೂಷ್ಟು ಏಳುತ್ತದೆ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇ 65ಕ್ಕಿಂತ ಕೆಳಗಿಳಿಯುವ ದಿನಗಳೇ ವಿರಳ. ರಾಯಚೂರು, ಕಲಬುರಗಿಯಲ್ಲಿ ತೊಂದರೆ ಬೇರೆ. ಅಲ್ಲಿ 40 ಡಿಗ್ರಿ ದಾಟುವ ಬೇಸಿಗೆ ಕಾಗದವನ್ನು ಹಪ್ಪಳದಂತೆ ಪೆಡಸು ಮಾಡುತ್ತದೆ. ಬೆಂಗಳೂರು, ಮೈಸೂರಿನವರು ಈ ಮಟ್ಟಿಗೆ ಅದೃಷ್ಟವಂತರು.

ಪ್ಲಾಸ್ಟಿಕ್ ಕವರಿನ ಪ್ರಶ್ನೆಯೂ ಇಲ್ಲಿಗೇ ಸೇರಿದ್ದು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ, ಹೊಸ ರೇನ್‌ಕೋಟಿನ ವಾಸನೆಯ ಕವರುಗಳು ಪಿವಿಸಿಯವು. ಅವುಗಳನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ಹೊರಬಂದು ಶಾಯಿಯನ್ನು ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಹಳತಾದಂತೆ ಅದರಿಂದ ಹೈಡ್ರೋಕ್ಲೋರಿಕ್ ಆಮ್ಲವೂ ಹೊರಡುತ್ತದೆ. ಎಂಬತ್ತರ ದಶಕದ, ಹಾಳೆಯ ಮೇಲೆ ಅಂಟು ಸವರಿ ತೆಳು ಪ್ಲಾಸ್ಟಿಕ್ ಹೊದಿಸಿದ ಫೋಟೊ ಆಲ್ಬಮ್ಮುಗಳಲ್ಲಿ ಕಾರ್ಡುಗಳಿದ್ದರೆ ಆದಷ್ಟು ಬೇಗ ಹೊರತೆಗೆಯಬೇಕು. ಬರದಿದ್ದರೆ ಎಳೆಯದೆ, ಹಾಳೆಯ ಸಮೇತ ಕತ್ತರಿಸಿಟ್ಟುಕೊಳ್ಳುವುದು ಮೇಲು. ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಕವರುಗಳಿಂದ ಈ ಹಾನಿ ಇಲ್ಲ. ತ್ರಿಕೋನದ ಗುರುತಿನೊಳಗೆ 3 ಎಂದಿದ್ದರೆ ಪಿವಿಸಿ, 5 ಎಂದಿದ್ದರೆ ಪಾಲಿಪ್ರೊಪಿಲೀನ್. ಬಯಲುಸೀಮೆಯಲ್ಲಿ ಇಂಥ ಕವರು ಧಾರಾಳವಾಗಿ ಸಾಕು. ಉಡುಪಿಯಲ್ಲೋ ತೀರ್ಥಹಳ್ಳಿಯಲ್ಲೋ ಇರುವವರಿಗೆ ನಾನು ಯಾವ ಪ್ಲಾಸ್ಟಿಕ್ಕನ್ನೂ ಹೇಳಲಾರೆ. ಒಳ್ಳೆಯ ಪ್ಲಾಸ್ಟಿಕ್ಕೂ ತೇವವನ್ನು ಒಳಗೆ ಹಿಡಿದಿಡುತ್ತದೆ. ಅದರಲ್ಲೂ ಹೊಳಪಿನ ಫೋಟೊ ಕಾರ್ಡುಗಳ ಮೇಲ್ಮೈ ಜೆಲಟಿನ್ನಿನದು. ಮಳೆಗಾಲದಲ್ಲಿ ಅದು ಉಬ್ಬಿ ಮೆತ್ತಗಾಗಿ ಪ್ಲಾಸ್ಟಿಕ್ಕಿಗೋ ಚೌಕಟ್ಟಿನ ಗಾಜಿಗೋ ಕಚ್ಚಿಕೊಂಡರೆ ಚಿತ್ರ ಸಿಪ್ಪೆಯೆದ್ದು ಬರುತ್ತದೆ. ಅಲ್ಲಿಗೆ ಆಮ್ಲರಹಿತ ಕಾಗದದ ಲಕೋಟೆಗಳೇ ಸರಿ. ಕಾಗದಕ್ಕೆ ಉಸಿರಾಟವಿದೆ.

ಲಕೋಟೆಗೆ ಹಾಕಿದ ಕಾರ್ಡುಗಳನ್ನು ಅಗಲ ಮಾಡಿ ಒಂದರ ಮೇಲೊಂದು ಪೇರಿಸದೆ, ಗ್ರಂಥಾಲಯದ ಕ್ಯಾಟಲಾಗ್ ಡ್ರಾಯರಿನಲ್ಲಿ ಇಡುವ ಹಾಗೆ ನಿಲ್ಲಿಸಿಡಿ. ನಮ್ಮ ಕಾರ್ಡು 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಪೆಟ್ಟಿಗೆ ಅದಕ್ಕಿಂತ ತುಸು ದೊಡ್ಡದಿರಲಿ. ತೀರ ಬಿಗಿಯಾಗಿ ತುಂಬಿದರೆ ತೆಗೆಯುವಾಗ ಮೂಲೆ ಮುರಿಯುತ್ತದೆ, ಸಡಿಲ ಬಿಟ್ಟರೆ ಬಾಗಿ ಸೊಟ್ಟಗಾಗುತ್ತದೆ. ಆಮ್ಲರಹಿತ ರಟ್ಟಿನ ಪೆಟ್ಟಿಗೆ ಸಿಗದಿದ್ದರೆ ಬಣ್ಣ ಗಟ್ಟಿಯಾಗಿರುವ, ತುಕ್ಕಿಲ್ಲದ ಉಕ್ಕಿನ ಪೆಟ್ಟಿಗೆಯೂ ಆದೀತು, ಒಳಗೆ ಬಿಳಿಯ ಹತ್ತಿ ಬಟ್ಟೆ ಹಾಸಿ. ಪ್ಲೈವುಡ್ಡಿನ ಕಪಾಟಿಗಿಂತ ಕಬ್ಬಿಣದ ಬೀರು ಒಳ್ಳೆಯದು, ಏಕೆಂದರೆ ಪ್ಲೈವುಡ್ಡಿನ ಮರ ಮತ್ತು ಅಂಟಿನಿಂದ ಆಮ್ಲದ ಆವಿ ಹೊರಡುತ್ತದೆ. ಬೀರುವನ್ನು ಮಳೆಗೆ ಒಡ್ಡಿದ ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ. ಅಟ್ಟ ಬೇಡ, ಬೇಸಿಗೆಯಲ್ಲಿ ಅದು ಕುದಿಯುತ್ತದೆ. ಕೆಳಗಿನ ಖಾನೆ ಬೇಡ, ಗೆದ್ದಲಿಗೂ ನೀರಿಗೂ ಅದೇ ಮೊದಲು. ಮನೆಯ ಒಳಕೋಣೆಯ ಬೀರುವಿನ ನಡುವಣ ಖಾನೆ ಎಲ್ಲಕ್ಕಿಂತ ಕ್ಷೇಮ.

ಹುಳುವಿನ ಮಾತು. ಹಳೆಯ ಪುಸ್ತಕ ತೆರೆದಾಗ ಸರ್ರನೆ ಓಡುವ ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್ ಗಂಜಿ, ಮೈದಾ ಅಂಟನ್ನು ಹುಡುಕಿಕೊಂಡು ಬಂದು ಕಾರ್ಡಿನ ಮೇಲ್ಪದರವನ್ನೇ ಕೆರೆದು ತಿನ್ನುತ್ತದೆ. ಅದಕ್ಕೆಂದು ನುಸಿಗುಳಿಗೆ ಹಾಕುವ ಅಭ್ಯಾಸ ಬಿಡಬೇಕು. ಅದರ ಆವಿ ಮನುಷ್ಯರಿಗೆ ಒಳ್ಳೆಯದಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಕಾರ್ಡಿನ ಮೇಲೆಯೇ ಮತ್ತೆ ಹರಳುಗಟ್ಟಬಹುದು. ತಾಳೆಗರಿ ಗ್ರಂಥಗಳನ್ನು ಕಾಪಾಡುತ್ತಿದ್ದ ಮನೆತನಗಳು ಬಜೆ, ಬೇವನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದವು. ಆ ಕ್ರಮವನ್ನು ಮುಂದುವರಿಸಬಹುದು, ಎರಡು ಷರತ್ತಿನ ಮೇಲೆ: ಬೇವು ಪೂರ್ತಿ ಒಣಗಿರಬೇಕು, ಗಂಟು ಕಾರ್ಡಿಗೆ ತಾಗಬಾರದು. ತಾಳೆಗರಿಗೆ ಹಚ್ಚುವ ಸಿಟ್ರೊನೆಲ್ಲಾ ಎಣ್ಣೆಯನ್ನು ಮಾತ್ರ ಕಾಗದಕ್ಕೆ ತರಬೇಡಿ, ಎಣ್ಣೆಯ ಕಲೆ ಶಾಶ್ವತ. ಎಲ್ಲಕ್ಕಿಂತ ದೊಡ್ಡ ಮದ್ದು ಎಂದರೆ ಆಗಾಗ ತೆಗೆದು ನೋಡುವುದು. ಮಳೆಗಾಲ ಕಳೆದ ಮೇಲೆ ಆಯುಧಪೂಜೆಗೆ ಮನೆ ಸಾರಿಸಿ ಗುಡಿಸುವಾಗ ಪೆಟ್ಟಿಗೆಯನ್ನೂ ಇಳಿಸಿ, ಕಾರ್ಡುಗಳನ್ನು ನೆರಳಲ್ಲಿ, ಫ್ಯಾನು ದೂರದಲ್ಲಿಟ್ಟು, ಗಾಳಿಗೆ ಬಿಡಿ. ಬಿಸಿಲಿಗೆ ಹರಡುವ ಹಳೆಯ ರೂಢಿ ಬೇಡ. ಒಂದು ಮಧ್ಯಾಹ್ನದ ಬಿಸಿಲು ಮಾಡಿದ ಹಾನಿ ಮುಂದಿನ ವರ್ಷದ ಬಿಸಿಲಿನ ಹಾನಿಯೊಂದಿಗೆ ಕೂಡುತ್ತಲೇ ಹೋಗುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡುವವರು ಬಣ್ಣ ಬದಲಾದ ಕೂಡಲೇ ಕಾಯಿಸಿ ಮತ್ತೆ ಇಡಬೇಕು. ನೀರು ಕುಡಿದು ತುಂಬಿದ ಜೆಲ್ಲಿನಿಂದ ಉಪಯೋಗವಿಲ್ಲ.

ಕೊಡಗಿನಲ್ಲಿ 2018ರಲ್ಲಿ, ಬೆಳಗಾವಿ ಬಾಗಲಕೋಟೆ ಕಡೆ 2019ರಲ್ಲಿ ನೆರೆ ಬಂದಾಗ ಮನೆಗಳೊಂದಿಗೆ ಕಾಗದಪತ್ರಗಳೂ ಹೋದವು. ಒದ್ದೆಯಾದ ಕಾರ್ಡುಗಳಿಗೆ ಸಮಯ ಬಹಳ ಕಡಿಮೆ, ಎರಡು ದಿನದೊಳಗೆ ಬೂಷ್ಟು ಹಿಡಿಯುತ್ತದೆ. ಒಂದಕ್ಕೊಂದು ಅಂಟಿದ್ದನ್ನು ಎಳೆದು ಬಿಡಿಸಬೇಡಿ. ಬಿಡಿಯಾಗಿರುವುದನ್ನು ಬ್ಲಾಟಿಂಗ್ ಪೇಪರಿನ ಮೇಲೆ ಮುಖ ಮೇಲಾಗಿ ಹರಡಿ, ಪೇಪರನ್ನು ಬದಲಿಸುತ್ತ ನೆರಳಲ್ಲಿ ಒಣಗಿಸಿ. ಎಲ್ಲವನ್ನೂ ಎರಡು ದಿನದಲ್ಲಿ ಒಣಗಿಸಲಾಗದು ಎನಿಸಿದರೆ ಕಂತೆಯನ್ನು ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಫ್ರೀಜರಿನಲ್ಲಿ ಇಡಿ. ಹೆಪ್ಪುಗಟ್ಟಿದ ಕಾಗದದ ಮೇಲೆ ಬೂಷ್ಟು ಬೆಳೆಯದು, ಪರಿಣತರನ್ನು ಹುಡುಕಲು ನಿಮಗೆ ಸಮಯ ಸಿಗುತ್ತದೆ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ, ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಬೆಲೆಬಾಳುವ ಕಾರ್ಡಿಗೆ ಮನೆಮದ್ದು ಮಾಡುವ ಮುನ್ನ ಅಂಥ ಕಡೆ ಕೇಳುವುದು ಲೇಸು.

ಸ್ಕ್ಯಾನ್ ಮಾಡಿಟ್ಟರೆ ಮೂಲ ಪದೇಪದೇ ಕೈಗೆ ಸಿಕ್ಕಿ ಸವೆಯುವುದು ತಪ್ಪುತ್ತದೆ. 600 ಡಿಪಿಐನಲ್ಲಿ, ಎರಡೂ ಮುಖ, ಅಂಚು ಕತ್ತರಿಸದೆ. ಗೋಡೆಗೆ ಹಾಕಲು ಅದರ ಪ್ರತಿಯೇ ಸಾಕು. ಫೈಲಿನ ಹೆಸರಿಗೆ ಪೆನ್ಸಿಲಿನಲ್ಲಿ ಕೊಟ್ಟ ಕ್ರಮಸಂಖ್ಯೆಯನ್ನೇ ಇಡಿ, ಒಂದು ಪ್ರತಿ ಬೇರೆ ಊರಿನಲ್ಲಿರುವ ಬಂಧುಗಳ ಬಳಿ ಇರಲಿ. ಆದರೆ ಸ್ಕ್ಯಾನಿಗೆ ಸಿಗದ ಒಂದು ಪದರವಿದೆ. ಕಾರ್ಡಿನಲ್ಲಿ ಚಿರಂಜೀವಿ ಪುಟ್ಟನಿಗೆ ಆಶೀರ್ವಾದ ಎಂದಿರುತ್ತದೆ. ಆ ಪುಟ್ಟ ಯಾರು? ದೊಡ್ಡಮ್ಮನ ಮನೆಯ ವಿಷಯ ಮುಖತಃ ತಿಳಿಸುತ್ತೇನೆ ಎಂದಿರುತ್ತದೆ, ಏನದು ವಿಷಯ? ಬಲ್ಲವರು ಎಂಬತ್ತು ದಾಟಿದ್ದಾರೆ. ಇನ್ನೊಂದು ಸಂಗತಿ. ಸಾವಿನ ಸುದ್ದಿ ತಂದ ಕಾರ್ಡನ್ನು ಅನೇಕ ಮನೆಗಳಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ, ಓದಿ ಹರಿದು ಹಾಕುತ್ತಿದ್ದರು. ಹಾಗಾಗಿ ತಂತಿಯ ಕಂತೆಯಲ್ಲಿ ಮದುವೆಗಳಿರುತ್ತವೆ, ಹೆರಿಗೆಗಳಿರುತ್ತವೆ, ಸಾಲ ಬೆಳೆ ಮಳೆ ಇರುತ್ತದೆ. ಇದ್ದಕ್ಕಿದ್ದಂತೆ ಒಬ್ಬರ ಕೈಬರಹ ನಿಂತುಹೋಗಿರುತ್ತದೆ, ಕಾರಣ ಎಲ್ಲೂ ಇರುವುದಿಲ್ಲ. ಆ ಖಾಲಿ ಜಾಗವನ್ನು ತುಂಬಬಲ್ಲವರು ಮನೆಯ ಹಿರಿಯರು ಮಾತ್ರ.

ಆದ್ದರಿಂದ ಒಳ್ಳೆಯ ಲಕೋಟೆ, ಪೆಟ್ಟಿಗೆಗಳು ಬರುವವರೆಗೆ ಕಾಯಬೇಡಿ. ಈ ವಾರವೇ ಕಂತೆಯನ್ನು ಹಿರಿಯರ ಮುಂದಿಟ್ಟು, ಒಂದೊಂದು ಕಾರ್ಡಿನ ಸಂಖ್ಯೆ ಹೇಳಿ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮುಂದೆ ಇಟ್ಟುಕೊಳ್ಳುವವರು ಮನೆಯಲ್ಲಿ ಯಾರೂ ಇಲ್ಲವೆಂದಾದರೆ ಚಂದದ ನಾಲ್ಕನ್ನು ಆರಿಸಿ ಉಳಿದದ್ದನ್ನು ರದ್ದಿಗೆ ಹಾಕಬೇಡಿ. ಪಟ್ಟಿ, ರೆಕಾರ್ಡಿಂಗ್ ಸಮೇತ ಇಡೀ ಕಂತೆಯನ್ನು ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಪತ್ರಾಗಾರಕ್ಕೋ ತೋರಿಸಿ, ಲಿಖಿತ ಒಪ್ಪಂದ ಮಾಡಿಕೊಂಡು ಕೊಡಿ.